ಗುಣ ತಂದುದು ಔಷಧವೋ, ಕಾಲವೋ?

ಮಂಡಿನೋವಿನವರು ವೈದ್ಯರನ್ನು ಕಾಣಲು ಬರುವುದು ನೋವು ತಾಳಲಾರದ ದಿನ. ತಾಳಬಹುದಾದ ದಿನಗಳಲ್ಲಿ ಅವರು ಹೊಲದಲ್ಲಿರುತ್ತಾರೆ. ಸಂಧಿಗತವಾತದ ನೋವಾದರೋ ಏರಿಳಿಯುವ ಸ್ವಭಾವದ್ದು. ಅದು ತುತ್ತತುದಿಗೇರಿದ ದಿನ ತೈಲ ಕೊಟ್ಟು, ಹದಿನೈದು ದಿನ ಬಿಟ್ಟು ವಿಚಾರಿಸಿದರೆ ನೋವು ಇಳಿದಿರುವ ಸಂಭವವೇ ಹೆಚ್ಚು. ತೈಲ ಕೊಡದಿದ್ದರೂ ಒಂದಷ್ಟು ಇಳಿಯುತ್ತಿತ್ತು. ಇದನ್ನು ಗಮನಿಸದೆ ನಾವು ಬಹುಕಾಲ ಇಡಿಯ ಯಶಸ್ಸನ್ನು ಮಹಾನಾರಾಯಣ ತೈಲದ ಹೆಸರಿಗೂ, ಕೊಂಚ ನಮ್ಮ ಹೆಸರಿಗೂ ಬರೆದುಕೊಂಡದ್ದುಂಟು. ತೈಲ ವ್ಯರ್ಥವೆಂದಲ್ಲ. ಅದರ ಪಾಲೆಷ್ಟು, ಕಾಲದ ಪಾಲೆಷ್ಟು ಎಂಬುದು ಒಬ್ಬ ರೋಗಿಯ ಮೊದಲು-ನಂತರದ ಹೋಲಿಕೆಯಿಂದ ತಿಳಿಯದು.

ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸರಾಸರಿಯೆಡೆಗಿನ ಹಿಂಚಲನೆ ಎಂದು ಹೆಸರು. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ 928 ವಯಸ್ಕ ಮಕ್ಕಳ ಎತ್ತರವನ್ನು ಅವರ ತಂದೆತಾಯಿಗಳ ಎತ್ತರದೊಡನೆ ಹೋಲಿಸಿ ತೋರಿಸಿದರು. ತೀರ ಎತ್ತರದ ದಂಪತಿಗಳ ಮಕ್ಕಳು ಸರಾಸರಿಯಲ್ಲಿ ಹೆತ್ತವರಷ್ಟು ಎತ್ತರವಿರಲಿಲ್ಲ. ತೀರ ಗಿಡ್ಡ ದಂಪತಿಗಳ ಮಕ್ಕಳು ಅವರಷ್ಟು ಗಿಡ್ಡರಾಗಿರಲಿಲ್ಲ. ಅತಿಯಾದ ಯಾವ ಅಳತೆಯಲ್ಲಿಯೂ ಆಕಸ್ಮಿಕದ ಪಾಲಿರುತ್ತದೆ. ಆ ಪಾಲು ಮರುಸಲ ಅಷ್ಟೇ ಒದಗುವುದು ವಿರಳ. ಮುಂದೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಡೇನಿಯಲ್ ಕಾನೆಮನ್ ಅವರಿಗೆ ಇಸ್ರೇಲಿನ ವಿಮಾನ ತರಬೇತುದಾರರೊಬ್ಬರು, ಹೊಗಳಿದ ಶಿಷ್ಯ ಮರುಸಲ ಕೆಡಿಸುತ್ತಾನೆ, ಬೈಸಿಕೊಂಡವನು ಸುಧಾರಿಸುತ್ತಾನೆ ಎಂದು ವಾದಿಸಿದ್ದರಂತೆ. ಅಲ್ಲಿಯೂ ಕೆಲಸ ಮಾಡುತ್ತಿದ್ದುದು ಬೈಗುಳವಲ್ಲ, ಇದೇ ಹಿಂಚಲನೆ. ಮಕ್ಕಳ ಅಂಕಪಟ್ಟಿ ನೋಡಿ ಗದರುವ ಹಿರಿಯರು ಇದನ್ನು ನೆನೆಯಬಹುದು.

ಕೆಲ ವರ್ಷಗಳ ಹಿಂದೆ ನಿವೃತ್ತ ಶಿಕ್ಷಕರೊಬ್ಬರು ಮೆಟ್ಟಿಲೇರಿ ಬಂದು ರಕ್ತದೊತ್ತಡ ನೋಡಿಸಿಕೊಂಡರು: 170. ಬೇರೊಬ್ಬ ವೈದ್ಯರು ಬರೆದುಕೊಟ್ಟ ಮಾತ್ರೆ ಸೇವಿಸುತ್ತಿದ್ದರು. ಯಾರೋ ಹೇಳಿದರೆಂದು ನುಗ್ಗೆಸೊಪ್ಪಿನ ರಸ ಕುಡಿದು ವಾರದ ಬಳಿಕ ಮತ್ತೆ ಬಂದಾಗ 148. ರಸದ ಮಹಿಮೆಯೆಂದು ಸಂತೋಷಪಟ್ಟರು. ನಾವೂ ತಲೆದೂಗಿದೆವು. ಮಾತ್ರೆಯ ವಿಷಯ ಕೇಳಲಿಲ್ಲ. ಅಂದಿನಿಂದಲೇ ಅವರು ಮಾತ್ರೆ ನಿಲ್ಲಿಸಿದ್ದರು. 148 ಕೂಡ ಹೆಚ್ಚೇ ಎಂಬುದು ಹಾಗಿರಲಿ. ದಣಿದು ಬಂದ ದಿನದ ಅಂಕಿ ವಿಶ್ರಾಂತಿಯ ದಿನ ಇಳಿಯುವುದು ಸಹಜವೆಂದು ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ಐದು ತಿಂಗಳಲ್ಲಿ ಪಾರ್ಶ್ವವಾಯು ಬಡಿಯಿತು.

ಆದುದರಿಂದ ಓದುಗರಲ್ಲಿ ವಿನಂತಿ: ಒಂದು ಅಳತೆಯನ್ನು ನಂಬಿ ಮಾತ್ರೆ ಆರಂಭಿಸಲೂ ಬೇಡಿ, ಬಿಡಲೂ ಬೇಡಿ. ಅಳತೆ ತೀರ ಹೆಚ್ಚಿದ್ದು ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವಿಕೆ ಕಂಡರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೋಗಬೇಕು. ಉಳಿದಂತೆ ಐದು ನಿಮಿಷ ಸುಮ್ಮನೆ ಕುಳಿತು, ಬೆಳಗ್ಗೆ ಎರಡು ಸಲ, ಸಂಜೆ ಎರಡು ಸಲ, ಒಂದು ವಾರ ಅಳೆದು ಬರೆದಿಡಿ. ಆ ಬರಹವನ್ನು ವೈದ್ಯರಿಗೆ ತೋರಿಸಿ.

ಆ ಶಿಕ್ಷಕರು ಈಗ ಹಾಗೆಯೇ ಬರೆಯುತ್ತಾರೆ, ಬಲಗೈಯಿಂದ. ಎಡಗೈಗೆ ಪೂರ್ಣ ಶಕ್ತಿ ಬಂದಿಲ್ಲ. ಮಾತ್ರೆ ತಪ್ಪಿಸುವುದಿಲ್ಲ. ನುಗ್ಗೆಸೊಪ್ಪನ್ನೂ ಬಿಟ್ಟಿಲ್ಲ, ಊಟದ ಪಲ್ಯವಾಗಿ.