ಮಾಂಸಖಂಡದ ಬಿಗಿತ: ನೀವಿದರೆ ನೋವು ಇಳಿಯುವುದೇಕೆ?

ಕಳೆ ತೆಗೆಯುವ, ಕಡಲೆಕಾಯಿ ಕೀಳುವ ದಿನಗಳಲ್ಲಿ ಇಡೀ ದಿನ ಬಗ್ಗಿಯೇ ಕೆಲಸ. ರಾತ್ರಿ ಮಲಗಿದರೂ ಸೊಂಟದ ಬಿಗಿತ ಬಿಡುವುದಿಲ್ಲ. ಇದಕ್ಕೆ ಕಾರಣ ತಿಳಿದರೆ ಆರೈಕೆ ಸುಲಭ.

ಬಿಗಿತ ಏಕೆ?

ನರಗಳ ಸೂಚನೆಯಂತೆ ಮಾಂಸಖಂಡ ಕುಗ್ಗುತ್ತದೆ. ಕುಗ್ಗುವುದಕ್ಕಷ್ಟೇ ಅಲ್ಲ, ಸಡಿಲವಾಗುವುದಕ್ಕೂ ಅದಕ್ಕೆ ಶಕ್ತಿ ಬೇಕು. ಬಹಳ ಹೊತ್ತು ಬಿಗಿದೇ ಇದ್ದರೆ ಒಳಗಿನ ಸಣ್ಣ ರಕ್ತನಾಳಗಳು ಒತ್ತಿಹೋಗಿ ರಕ್ತದ ಹರಿವು ಕಡಿಮೆಯಾಗುತ್ತದೆ, ನೋವು ಹುಟ್ಟುತ್ತದೆ. ನೋಯುವ ಭಾಗವನ್ನು ಕಾಪಾಡಲು ಶರೀರ ಅದನ್ನು ಮತ್ತಷ್ಟು ಬಿಗಿ ಹಿಡಿಯುತ್ತದೆ. ಹೀಗೆ ನೋವಿನಿಂದ ಬಿಗಿತ, ಬಿಗಿತದಿಂದ ನೋವು.

ಒತ್ತಿದಾಗ ಏನಾಗುತ್ತದೆ?

ಪೆಟ್ಟಾದ ಜಾಗವನ್ನು ನಾವು ತಿಳಿಯದೆಯೇ ಉಜ್ಜಿಕೊಳ್ಳುತ್ತೇವೆ. ಇದರ ಗುಟ್ಟನ್ನು 1965ರಲ್ಲಿ ಮೆಲ್ಜ್ಯಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ವಿವರಿಸಿದರು. ಸ್ಪರ್ಶ ಮತ್ತು ಒತ್ತಡದ ಸುದ್ದಿ ಬೆನ್ನುಹುರಿ ತಲುಪಿದಾಗ, ನೋವಿನ ಸುದ್ದಿಗೆ ಅಲ್ಲಿ ಬಾಗಿಲು ಅರ್ಧ ಮುಚ್ಚಿದಂತಾಗುತ್ತದೆ. ನಿಧಾನವಾದ ಒತ್ತಡದಿಂದ, ಬಿಗಿ ಹಿಡಿಸುವ ನರಗಳೂ ಶಾಂತವಾಗುತ್ತವೆ. ಎಣ್ಣೆ ಕೈ ಜಾರಲು ಸಹಾಯಕ; ಮುಖ್ಯ ಕೆಲಸ ಒತ್ತಡದ್ದು.

ನೀವುವ ಕ್ರಮ

* ಅಂಗೈಯಿಂದ ಹಗುರವಾಗಿ ಆರಂಭಿಸಿ, ನಿಧಾನವಾಗಿ ಒತ್ತಡ ಹೆಚ್ಚಿಸಿ.
* ರೋಗಿ ಉಸಿರು ಬಿಗಿಹಿಡಿದರೆ ಒತ್ತಡ ಹೆಚ್ಚಾಯಿತೆಂದು ತಿಳಿಯಿರಿ. ತುಳಿಯುವುದು, ಗುದ್ದುವುದು ಬೇಡ, ಬಿಗಿತ ಹೆಚ್ಚುತ್ತದೆ.
* ಬೆನ್ನೆಲುಬಿನ ಮೇಲೆ ಒತ್ತಬೇಡಿ. ಅದರ ಎರಡು ಪಕ್ಕದ ಮಾಂಸಖಂಡಗಳನ್ನು ನೀವಿರಿ.
* ಮಾಲೀಸಿನ ಆರಾಮ ಹೆಚ್ಚು ಕಾಲ ನಿಲ್ಲದು. ನಂತರ ನಿಧಾನವಾಗಿ ನಡೆದಾಡಿ. ಹೊಲದಲ್ಲಿಯೂ ಆಗಾಗ ನೆಟ್ಟಗೆ ನಿಂತು ಮೈ ಸಡಿಲಿಸಿ.

ಯಾವಾಗ ನೀವಬಾರದು?

ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಮುಟ್ಟದೆ ವೈದ್ಯರಿಗೆ ತೋರಿಸಿ. ಬಿದ್ದ ನಂತರದ ನೋವು, ಜ್ವರದೊಂದಿಗೆ ಬಂದ ಬೆನ್ನುನೋವು, ಕಾಲಿನ ಶಕ್ತಿಗುಂದುವಿಕೆ, ಮೂತ್ರ ಕಟ್ಟುವುದು ಇವುಗಳಿಗೂ ಮಾಲೀಸು ಮದ್ದಲ್ಲ. ತಡಮಾಡದೆ ಆಸ್ಪತ್ರೆಗೆ ಬನ್ನಿ.

ನಮ್ಮ ಭಾಗದವರು ಗಮನಿಸಿ

ಶಿರಾ, ಪಾವಗಡ, ಮಧುಗಿರಿ ಕಡೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದೆ. ಅದನ್ನು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳೇ ಪೆಡಸಾಗುತ್ತವೆ. ಆ ಬಿಗಿತ ನೀವಿದರೆ ಹೋಗದು. ನೀರನ್ನು ಕುದಿಸಿದರೂ ಫ್ಲೋರೈಡ್ ಹೋಗದು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ಯೋಗ್ಯವಲ್ಲ. ಬೆನ್ನು, ಕತ್ತು ತಿಂಗಳುಗಟ್ಟಲೆ ಬಗ್ಗದಿದ್ದರೆ, ಮನೆಯಲ್ಲಿ ಯಾವ ನೀರು ಕುಡಿಯುತ್ತೀರೆಂದು ವೈದ್ಯರಿಗೆ ತಪ್ಪದೆ ತಿಳಿಸಿ.