ಒಂದು ತಾಸಿನ ರೊಕ್ಕ

ದುಧನಿಯ ಅಡತಿ ಅಂಗಡಿಯೊಂದರಲ್ಲಿ ಇಪ್ಪತ್ತೇಳು ವರ್ಷದಿಂದ ಕಿರ್ದಿ ಬರೆಯುತ್ತಿದ್ದೇನೆ. ತೊಗರಿ ಎಷ್ಟು ಚೀಲ, ಹಮಾಲಿ ಎಷ್ಟು, ತೊಲಾಯಿ ಎಷ್ಟು ಎಂದು ದಿನಾ ಬರೆದವನಿಗೆ ಮನೆಯ ಖರ್ಚನ್ನೂ ಹಾಗೇ ಬರೆದಿಡುವ ಚಟ ಬಿಡುವುದಿಲ್ಲ. ಮನೆ ಕಿರ್ದಿಯಲ್ಲಿ ‘ಅವ್ವ, ಅಮೆರಿಕ’ ಎಂಬ ಖಾತೆಯೊಂದಿದೆ. ಮೊದಲ ಸಾಲು 2023ರ ದೀಪಾವಳಿ ಮುಗಿದ ವಾರದ್ದು: ಏಜಂಟರಿಗೆ ₹60,000. ಆರು ತಿಂಗಳ ಮೇಲಿನ ಇನ್ನೊಂದು ಸಾಲು: ವಕೀಲರಿಗೆ, ಒಂದು ತಾಸಿಗೆ, 200 ಡಾಲರ್, ಅಂದರೆ ₹16,700. ಇದನ್ನು ಬರೆಯುವಾಗ ನನಗೆ ಸಿಟ್ಟು ಬಂದಿತ್ತು. ಬರೀ ಮಾತಿಗೆ ಒಂದು ಕ್ವಿಂಟಲ್ ತೊಗರಿಗಿಂತ ಹೆಚ್ಚು ರೊಕ್ಕವೇ?

ನನ್ನ ತಮ್ಮ 2003ರಲ್ಲಿ ಅಮೆರಿಕಕ್ಕೆ ಓದಲು ಹೋದವನು. ನೌಕರಿಯ ಮೇಲೆ ಗ್ರೀನ್ ಕಾರ್ಡ್ ಕೇಳುವ ಭಾರತೀಯರಿಗೆ 2007ರ ಜುಲೈ ಸುಮಾರಿಗೆ ಒಂದಿಷ್ಟು ದಿನ ಬಾಗಿಲು ಪೂರಾ ತೆರೆದಿತ್ತು; ಆ ಗದ್ದಲದಲ್ಲಿ ಒಳಹೊಕ್ಕವರಲ್ಲಿ ಅವನೂ ಒಬ್ಬ. ಯಾವ ದೇಶದವರಿಗೂ ವರ್ಷದ ಪಾಲಿನಲ್ಲಿ ಶೇ. 7ಕ್ಕಿಂತ ಹೆಚ್ಚು ಕೊಡಬಾರದೆಂಬ ನಿಯಮದಿಂದಾಗಿ ಅದೇ ಸರತಿ 2025ರ ಕೊನೆಗೂ 2013ರ ಅರ್ಜಿಗಳ ಹತ್ತಿರವೇ ನಿಂತಿತ್ತು. ತಮ್ಮನಿಗೆ ಮಾತ್ರ ಕಾರ್ಡೂ ಬಂತು, ಅದಾದ ಐದು ವರ್ಷಕ್ಕೆ ಅಲ್ಲಿಯ ನಾಗರಿಕತ್ವವೂ ಬಂತು. 2022ರಲ್ಲಿ ಅಪ್ಪ ತೀರಿಕೊಂಡ ಮೇಲೆ ಅವನದು ಒಂದೇ ಹಟ: ಅವ್ವನನ್ನು ಕರೆಸಿಕೊಳ್ಳಬೇಕು. ಇಪ್ಪತ್ತೊಂದು ದಾಟಿದ ನಾಗರಿಕ ಮಗ ತಾಯಿಗಾಗಿ ಅರ್ಜಿ ಹಾಕಿದರೆ ಸರತಿಯೂ ಇಲ್ಲ, ವರ್ಷಕ್ಕಿಷ್ಟೇ ಎಂಬ ಮಿತಿಯೂ ಇಲ್ಲ. ಐ-130 ಎಂಬ ಆ ಅರ್ಜಿಗೆ ಆಗ ಫೀ 535 ಡಾಲರ್. 2024ರ ಏಪ್ರಿಲ್ 1ರಿಂದ ಅದು ಆನ್‌ಲೈನಿನಲ್ಲಿ 625, ಕಾಗದದಲ್ಲಿ 675 ಆಯಿತು. ಅರ್ಜಿಯ ನಮೂನೆಗೆ ಮಾತ್ರ ಕಾಸು ಬೇಡ, ಅವರ ಸರಕಾರದ ತಾಣದಲ್ಲಿ ಪುಕ್ಕಟೆ ಸಿಗುತ್ತದೆ.

ಇಷ್ಟು ಸರಳವಿದ್ದರೆ ಏಜಂಟ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ಉತಾರ ತೆಗೆಸಲು, ಲೈಸನ್ಸ್ ಮಾಡಿಸಲು, ಬೆಳೆ ವಿಮೆ ತುಂಬಲು ನಮಗೆ ನಡುವೆ ಒಬ್ಬ ಬೇಕೇ ಬೇಕು. ಅಮೆರಿಕದ ಕಾಗದಕ್ಕೆ ಬೇಡವೆ? ದೊಡ್ಡ ಊರಿನಲ್ಲಿ ಎ.ಸಿ. ಹಾಕಿಕೊಂಡು ಕುಳಿತ ಒಬ್ಬರನ್ನು ಪರಿಚಯದವರೇ ತೋರಿಸಿದರು. ಅರ್ಜಿ ತುಂಬಿದ್ದು ಅವರು, ಸಹಿ ತಮ್ಮನದು. ಅರ್ಜಿಯನ್ನು ಬೇರೆಯವರು ತುಂಬಿದ್ದರೆ ಅವರ ಹೆಸರು, ಸಹಿ ಹಾಕಬೇಕಾದ ಜಾಗವೊಂದು ಕೊನೆಯಲ್ಲಿದೆ. ಅದು ಖಾಲಿ ಇತ್ತು. ಕಿರ್ದಿಯಲ್ಲಿ ಬರೆದವನ ಸಹಿ ಇಲ್ಲದ ಪುಟ ಕಂಡರೆ ಸಾಹುಕಾರರ ಮುಂದೆ ಎದ್ದು ನಿಲ್ಲುವ ನಾನು, ಆ ಖಾಲಿ ಜಾಗವನ್ನು ನೋಡಿಯೂ ಸುಮ್ಮನಿದ್ದೆ.

ಅಲ್ಲಿಂದ ಶುರುವಾಗಿದ್ದು ಅವ್ವನ ಹೆಸರಿನ ಪುರಾಣ. ಅವ್ವ ಹುಟ್ಟಿದ್ದು 1953ರಲ್ಲಿ, ಗಡಿಯಾಚೆ ಗುಲಬರ್ಗಾ ಜಿಲ್ಲೆಯ ಹಳ್ಳಿಯೊಂದರಲ್ಲಿ. ಆಗ ಅದು ಹೈದರಾಬಾದ್ ರಾಜ್ಯ. ಅವಳಿಗೆ ಮೂರು ತುಂಬಿದಾಗ, 1956ರ ನವೆಂಬರ್ 1ಕ್ಕೆ, ಮೈಸೂರು ರಾಜ್ಯವಾಯಿತು. 1971ರಲ್ಲಿ ಮದುವೆಯಾಗಿ ಮಹಾರಾಷ್ಟ್ರದ ಸೊಸೆಯಾದಳು. ಎರಡು ವರ್ಷಕ್ಕೆ ತವರು ಕರ್ನಾಟಕವಾಯಿತು. (ನಮ್ಮ ಅಕ್ಕಲಕೋಟ ತಾಲೂಕನ್ನು ಮೈಸೂರಿಗೆ ಕೊಡಬೇಕೆಂದ 1967ರ ಮಹಾಜನ ವರದಿ ನಡೆದಿದ್ದರೆ ಅವಳ ಅತ್ತೆಮನೆಯ ರಾಜ್ಯವೂ ಬದಲಾಗುತ್ತಿತ್ತು!) ತವರಿನ ಹೆಸರು ಒಂದು, ಮದುವೆಯ ದಿನ ಅಕ್ಕಿಯ ಮೇಲೆ ಉಂಗುರದಲ್ಲಿ ಬರೆದ ಹೆಸರು ಇನ್ನೊಂದು. ತಮ್ಮನ ಜನ್ಮ ದಾಖಲೆಯಲ್ಲಿ, ಮರಾಠಿಯಲ್ಲಿ, ತವರಿನ ಹೆಸರು. ಪಾಸ್‌ಪೋರ್ಟಿನಲ್ಲಿ ಅತ್ತೆಮನೆಯ ಹೆಸರು, ಜೊತೆಗೆ ಅಪ್ಪನ ಹೆಸರು, ಅಡ್ಡಹೆಸರು. ಆಧಾರದಲ್ಲಿ ಹುಟ್ಟಿದ ದಿನ ಜನವರಿ 1. ನಮ್ಮ ಭಾಗದಲ್ಲಿ ಅರ್ಧ ಮುದುಕರು ಜನವರಿ 1ಕ್ಕೇ ಹುಟ್ಟಿದವರು.

ಏಜಂಟರು ಇದಕ್ಕೆ ಸುಲಭದ ದಾರಿ ತೋರಿಸಿದರು. “ಹೊಸ ದಾಖಲಾ ಮಾಡಿಸಿ ಕೊಡ್ತೀನ್ರಿ, ಎಂಟು ಸಾವಿರ ಆಗ್ತದ.” ಹೊಸದು ಅಂದರೆ ಯಾವ ರೀತಿಯ ಹೊಸದು ಎಂದು ನನಗೆ ತಿಳಿಯಿತು. ಬೇಡ ಎಂದೆ. ಆದರೂ ಅವರನ್ನು ಬಿಡಲಿಲ್ಲ. ಕೊಟ್ಟ ಅರವತ್ತು ಸಾವಿರ ಕಾಲಿಗೆ ಹಗ್ಗ ಹಾಕಿತ್ತು.

2024ರ ಮೇ ತಿಂಗಳಲ್ಲಿ ತಮ್ಮನ ಫೋನ್ ಬಂತು. ಅವನ ಹೆಂಡತಿ ಬಸುರಿ, ತಾಯಿಯ ಅರ್ಜಿ ಇನ್ನೂ ಅಲ್ಲೇ ಕೂತಿದೆ. ಅಲ್ಲಿಯವರೆಗೆ ಪ್ರವಾಸಿ ವೀಸಾದ ಮೇಲೆ ಬಂದು ಹೋಗಲಿ ಎಂದ. ಏಜಂಟರು ಸಂಜೆಯೊಳಗೆ ಡಿಎಸ್-160 ಎಂಬ ಅದರ ಅರ್ಜಿ ತುಂಬಿಟ್ಟರು. ಕಳಿಸುವ ಮುಂಚೆ ಒಂದು ಪ್ರತಿ ಕೊಡಿ ಎಂದು ನಾನು ಹಟ ಹಿಡಿದೆ. ರಾತ್ರಿ ಅವ್ವನ ಪಕ್ಕ ಕುಳಿತು ಒಂದೊಂದೇ ಪ್ರಶ್ನೆಯನ್ನು ಕನ್ನಡದಲ್ಲಿ ಓದಿ ಹೇಳುತ್ತ ಹೋದಾಗ ಒಂದು ಕಡೆ ತಡೆದೆ. ನಿಮ್ಮ ಪರವಾಗಿ ಯಾರಾದರೂ ಎಂದಾದರೂ ವಲಸೆಯ ಅರ್ಜಿ ಹಾಕಿದ್ದಾರೆಯೇ ಎಂಬ ಪ್ರಶ್ನೆ. ಉತ್ತರ: ಇಲ್ಲ.

ಮರುದಿನ ಫೋನ್ ಮಾಡಿದೆ. “ಅಣ್ಣಾರ, ಹೌದು ಅಂದ್ರ ವೀಸಾ ಕೊಡಂಗಿಲ್ರಿ. ಇಲ್ಲ ಅಂತ ಇರ್ಲಿ. ಅವರಿಗೆ ಹೆಂಗ್ ಗೊತ್ತಾಗ್ತದ?” ಅರ್ಜಿ ಇರುವುದೇ ಅವರ ಕಡತದಲ್ಲಿ. ಅವರಿಗೆ ಹೇಗೆ ಗೊತ್ತಾಗುತ್ತದೆ ಅಂತೆ!

ಆ ವಾರವೇ ತಮ್ಮ ಅಲ್ಲಿಯ ವಕೀಲರೊಬ್ಬರ ಒಂದು ತಾಸನ್ನು ಕೊಂಡ. ನಮಗೆ ರಾತ್ರಿ, ಅವರಿಗೆ ಬೆಳಿಗ್ಗೆ. ನಾವು ಸುಳ್ಳಿನ ವಿಷಯ ಎತ್ತುವ ಮೊದಲೇ ಅವರು ಕೇಳಿದ್ದು: ತಾಯಿಯವರು ವರ್ಷದಲ್ಲಿ ಎಷ್ಟು ತಿಂಗಳು ಅಮೆರಿಕದಲ್ಲಿ ಇರಬೇಕೆಂದಿದ್ದಾರೆ?

ತಮ್ಮ ಸುಮ್ಮನಾದ. ನಾನೂ ಸುಮ್ಮನಾದೆ. ಅರವತ್ತು ಸಾವಿರ ತೆಗೆದುಕೊಂಡವರು ಇದನ್ನು ಕೇಳಿರಲಿಲ್ಲ. ಹೆತ್ತ ಮಕ್ಕಳು ನಾವೂ ಕೇಳಿರಲಿಲ್ಲ. ಅವ್ವ ಮೆಂತ್ಯಪಲ್ಲೆ ಸೋಸುತ್ತ ಅಲ್ಲೇ ಕುಳಿತಿದ್ದಳು. “ಗಡ್ಡಾಕ್ಕ ನಾ ಇಲ್ಲೇ ಇರಾಕಿ ನೋಡಪಾ. ತೊಗರಿ ರಾಶಿ ಮುಗಿಯೂತನಕ ಎಲ್ಲಿಗೂ ಬರಂಗಿಲ್ಲ,” ಎಂದಳು. ಗಡ್ಡಾ ಅಂದರೆ ಸೋಲಾಪುರದ ಸಿದ್ಧರಾಮೇಶ್ವರನ ಸಂಕ್ರಾಂತಿ ಜಾತ್ರೆ. ತಮ್ಮ ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಿದನೋ ಕಾಣೆ.

ಉಳಿದದ್ದನ್ನು ವಕೀಲರು ಬೆರಳು ಮಡಚಿದಂತೆ ಹೇಳಿದರು. ಗ್ರೀನ್ ಕಾರ್ಡ್ ಎಂದರೆ ಅಲ್ಲಿ ಮನೆ ಮಾಡುತ್ತೇನೆಂಬ ಮಾತು ಕೊಟ್ಟಂತೆ. ಒಂದು ವರ್ಷ ಮೀರಿ ಹೊರಗಿದ್ದರೆ ಮನೆ ಬಿಟ್ಟರೆಂದೇ ಲೆಕ್ಕ ಹಾಕಬಹುದು. ಆರು ತಿಂಗಳು ದಾಟಿದರೂ ನಾಗರಿಕತ್ವದ ಎಣಿಕೆಗೆ ಪೆಟ್ಟು. ಹೆಚ್ಚು ಕಾಲ ಹೊರಗಿರಬೇಕೆಂದರೆ ಮರುಪ್ರವೇಶದ ಪರವಾನಗಿ ಬೇಕು, ಆ ಅರ್ಜಿಯನ್ನು ಅಲ್ಲಿದ್ದಾಗಲೇ ಹಾಕಬೇಕು. ಬಂದು ಹೋಗುವ ತಾಯಿಗೆ ಮೊದಲು ಪ್ರವಾಸಿ ವೀಸಾ ತೆಗೆಸಿ, ಆಮೇಲೆ ಬೇಕೆನ್ನಿಸಿದರೆ ಐ-130 ಹಾಕುವುದು ಜಾಣತನ. ನಮ್ಮದು ತಿರುವುಮುರುವಾಗಿತ್ತು. ಹಾಕಿದ ಐ-130 ಮರಳಿ ಪಡೆದರೂ ‘ಎಂದಾದರೂ’ ಎಂಬ ಪ್ರಶ್ನೆಗೆ ಉತ್ತರ ಹೌದೇ ಆಗಿರುತ್ತದೆ. ನಿಜ ಬರೆದರೆ ಹೆಚ್ಚೆಂದರೆ ವೀಸಾ ಸಿಗುವುದಿಲ್ಲ, 185 ಡಾಲರ್ ಫೀ ಹೋಗುತ್ತದೆ. ಬೇಕೆಂದೇ ಸುಳ್ಳು ಬರೆದು ಸಿಕ್ಕಿಬಿದ್ದರೆ ಪ್ರವಾಸಕ್ಕೂ ಸೈ, ಗ್ರೀನ್ ಕಾರ್ಡಿಗೂ ಸೈ, ಜೀವಮಾನಕ್ಕೇ ಬಾಗಿಲು ಮುಚ್ಚಬಹುದು. ಸುಳ್ಳು ಏಜಂಟರದಾದರೂ ಹೆಬ್ಬೆಟ್ಟು ಅವ್ವನದು.

ಪ್ರವಾಸಿ ವೀಸಾ ಕೈಬಿಟ್ಟೆವು. ಮಗು ಹುಟ್ಟಿದಾಗ ಬಾಣಂತನಕ್ಕೆ ಹೋದದ್ದು ತಮ್ಮನ ಅತ್ತೆ. ಅವ್ವ ವಿಡಿಯೊದಲ್ಲಿ ಮೊಮ್ಮಗಳ ಮುಖ ನೋಡಿ, ಫೋನಿಗೇ ದೃಷ್ಟಿ ತೆಗೆದಳು. ಇದನ್ನು ಯಾವ ಖಾತೆಗೆ ಬರೆಯಲಿ? ಏಜಂಟರ ಬಳಿ ನಾಲ್ಕು ಸಲ ಓಡಾಡಿದ ಮೇಲೆ ₹10,000 ತಿರುಗಿ ಬಂತು.

ವಕೀಲರು ಅಂದಾಗ ನಮ್ಮವರು ಮಾಡುವ ಇನ್ನೊಂದು ತಪ್ಪನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಕೋರ್ಟಿನ ಹೊರಗೆ ಛತ್ರಿ ಕೆಳಗೆ ಕೂಡುವ ನೋಟರಿ ಕರಿಕೋಟಿನ ವಕೀಲನೇ. ಅಮೆರಿಕದಲ್ಲಿ ನೋಟರಿ ಎಂದರೆ ಸಹಿಗೆ ಸಾಕ್ಷಿ ನಿಲ್ಲುವವನು, ಅಷ್ಟೇ. ಕಾನೂನು ಓದಿರಬೇಕಿಲ್ಲ. ಲ್ಯಾಟಿನ್ ಅಮೆರಿಕದ ದೇಶಗಳಲ್ಲೂ ಆ ಹೆಸರಿನವನು ದೊಡ್ಡ ವಕೀಲನಾದ್ದರಿಂದ, ಅಲ್ಲಿಂದ ಬಂದ ಬಡವರು ‘ನೋಟಾರಿಯೊ’ ಬೋರ್ಡು ನೋಡಿ ಮೋಸ ಹೋಗುವುದು ಅಲ್ಲಿಯ ಹಳೇ ರೋಗ. ವಲಸೆ ವಿಷಯದಲ್ಲಿ ಸಲಹೆ ಕೊಟ್ಟು ರೊಕ್ಕ ತೆಗೆದುಕೊಳ್ಳಲು ಅಧಿಕಾರ ಇರುವುದು ಎರಡೇ ಬಗೆಯವರಿಗೆ: ಯಾವುದಾದರೂ ರಾಜ್ಯದ ಸನ್ನದು ಇರುವ ವಕೀಲರು, ಇಲ್ಲವೇ ಅಲ್ಲಿಯ ನ್ಯಾಯ ಇಲಾಖೆ ಮಾನ್ಯ ಮಾಡಿದ ಸೇವಾಸಂಸ್ಥೆಗಳ ಪ್ರತಿನಿಧಿಗಳು. ವಲಸೆ ಕಾನೂನು ಕೇಂದ್ರದ್ದಾದ್ದರಿಂದ ನ್ಯೂಜೆರ್ಸಿಯ ವಕೀಲರು ಟೆಕ್ಸಾಸಿನವರ ಅರ್ಜಿಯನ್ನೂ ನಡೆಸಬಹುದು. ಅವರು ನಿಮ್ಮ ಪರ ನಿಲ್ಲುವುದು ನಿಜವಾದರೆ ಜಿ-28 ಎಂಬ ಕಾಗದಕ್ಕೆ ಸಹಿ ಹಾಕುತ್ತಾರೆ. ಸಹಿ ಹಾಕಲು ಹಿಂಜರಿಯುವವರಿಗೆ ರೊಕ್ಕ ಕೊಡಬೇಡಿ. ವಲಸೆ ಪ್ರಕರಣಗಳಲ್ಲಿ ಸರಕಾರ ತನ್ನ ಖರ್ಚಿನಲ್ಲಿ ವಕೀಲರನ್ನು ಕೊಡುವುದಿಲ್ಲ. ಆದರೆ ಪುಕ್ಕಟೆ ಅಥವಾ ಕಡಿಮೆ ದರದಲ್ಲಿ ನೆರವು ಕೊಡುವ ಸಂಸ್ಥೆಗಳ ಪಟ್ಟಿಯನ್ನು ವಲಸೆ ನ್ಯಾಯಾಲಯಗಳ ಕಚೇರಿಯೇ ಪ್ರಕಟಿಸುತ್ತದೆ. ತಮ್ಮನಂಥವರಿಗೆ ಅದು ಬೇಕಾಗಲಿಕ್ಕಿಲ್ಲ. ಅಂಗಡಿ, ಹೋಟೆಲುಗಳಲ್ಲಿ ದುಡಿಯುವ ನಮ್ಮ ಹುಡುಗರಿಗೆ ಬೇಕಾದೀತು.

ಈಚೆ ಕಡೆಯೂ ಒಂದು ಬಾಗಿಲಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಹೆಸರಿನ ಪ್ರತಿಜ್ಞಾಪತ್ರ, ಜನ್ಮ ನೋಂದಣಿಯ ತೊಡಕು, ಇವನ್ನೆಲ್ಲ ಅಲ್ಲಿ ಕೇಳಬಹುದಿತ್ತು. ನಾನು ಇದನ್ನು ತಿಳಿದದ್ದು ರೊಕ್ಕ ಕೊಟ್ಟು ಮುಗಿದ ಮೇಲೆ.

ಆ ತಾಸಿನ ಕೊನೆಯ ಹತ್ತು ನಿಮಿಷದಲ್ಲಿ ಹೆಸರಿನ ಪುರಾಣವೂ ಬಗೆಹರಿಯಿತು. ಎರಡೂ ಹೆಸರನ್ನು ಮುಚ್ಚದೆ ಬರೆಯಿರಿ, ಬೇರೆ ಹೆಸರುಗಳಿಗೆಂದೇ ಅರ್ಜಿಯಲ್ಲಿ ಜಾಗವಿದೆ ಎಂದರು. ಜನನ ನೋಂದಣಿ ಕಾಯ್ದೆ ನಮ್ಮಲ್ಲಿ ಜಾರಿಗೆ ಬಂದದ್ದೇ 1970ರಲ್ಲಿ. 1953ರ ಹೆಣ್ಣುಮಗುವಿನ ದಾಖಲೆ ಇಲ್ಲವೆಂದರೆ ಅವರು ನಂಬುತ್ತಾರೆ. ದಾಖಲೆ ಇಲ್ಲವೆಂಬ ಪತ್ರ ತರಬೇಕು, ಹುಟ್ಟಿದ್ದನ್ನು ಬಲ್ಲ ಹಿರಿಯರ ಪ್ರತಿಜ್ಞಾಪತ್ರ ಬೇಕು. ಎಂಬತ್ತೊಂದು ವರ್ಷದ ಸೋದರಮಾವ ಕಟ್ಟೆಯ ಮೇಲೆ ಕೂತು, ತಂಗಿ ಹುಟ್ಟಿದ ದಿನ ಎತ್ತು ಕಳೆದುಹೋಗಿದ್ದನ್ನೂ ಸೇರಿಸಿ ಹೇಳಿದರು. ಎತ್ತನ್ನು ಬಿಟ್ಟು ಉಳಿದದ್ದನ್ನು ಬರೆಸಿದೆವು. ಮರಾಠಿ ಕಾಗದಗಳ ಇಂಗ್ಲಿಷ್ ಅನುವಾದಕ್ಕೆ ಏಜಂಟರು ಪುಟಕ್ಕೆ ₹1,500 ಕೇಳಿದ್ದರು. ಎರಡೂ ಭಾಷೆ ಬಲ್ಲವರು ಯಾರೇ ಅನುವಾದಿಸಿ, ಇದು ಪೂರ್ಣ ಮತ್ತು ಸರಿ, ನನಗೆ ಎರಡೂ ಭಾಷೆ ಬರುತ್ತವೆ ಎಂದು ಬರೆದು ಸಹಿ ಮಾಡಿದರೆ ಸಾಕಂತೆ. ನಮ್ಮ ಜಿಲ್ಲಾ ಪರಿಷತ್ ಶಾಲೆಯ ಗುರುಗಳೊಬ್ಬರು ಒಂದು ಕಪ್ ಚಹಾಕ್ಕೆ ಮುಗಿಸಿಕೊಟ್ಟರು.

2025ರಲ್ಲಿ ಅರ್ಜಿ ಮಂಜೂರಾಯಿತು. ವೀಸಾ ಅರ್ಜಿಗೆ 325 ಡಾಲರ್, ತಮ್ಮನ ಆದಾಯದ ಕಾಗದ ನೋಡಲು 120, ಕಾರ್ಡಿಗೆ 235. ಮೊದಲಿನ 535 ಸೇರಿಸಿದರೆ ಸರಕಾರಕ್ಕೆ ಹೋದದ್ದು 1,215 ಡಾಲರ್, ಸುಮಾರು ₹1,03,000. ರಾತ್ರಿ ಸೋಲಾಪುರದಿಂದ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹಿಡಿದು ಮುಂಬೈಗೆ ಹೋದೆವು, ಒಮ್ಮೆ ವೈದ್ಯಕೀಯ ತಪಾಸಣೆಗೆ, ಒಮ್ಮೆ ಸಂದರ್ಶನಕ್ಕೆ. ಕಿಟಕಿಯ ಆಚೆಯವರು ಮರಾಠಿಯಲ್ಲಿ ಕೇಳಿದರು, ಅವ್ವ ಮರಾಠಿಯಲ್ಲೇ ಹೇಳಿದಳು. ಹೆಸರು ಎರಡು ಯಾಕೆ ಎಂದದ್ದಕ್ಕೆ, ಲಗ್ನವಾಯಿತಲ್ಲ ಅಂದಳಂತೆ.

ಅಸಲು ಖರ್ಚು ಕಾರ್ಡಿನ ನಂತರದ್ದು, ಅದನ್ನು ಯಾವ ಏಜಂಟನೂ ಹೇಳುವುದಿಲ್ಲ. ತಮ್ಮ ಸಹಿ ಮಾಡಿದ ಐ-864 ಎಂಬ ಕರಾರಿಗೆ, ಐದು ಜನರ ಮನೆಗೆ 2025ರ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 47,000 ಡಾಲರ್ ಆದಾಯ ತೋರಿಸಬೇಕಿತ್ತು. ಅದು ಅವನಿಗೆ ಕಷ್ಟವಲ್ಲ. ಆದರೆ ಅವ್ವ ನಾಗರಿಕಳಾಗುವವರೆಗೆ, ಅಥವಾ ಆ ದೇಶವನ್ನೇ ಬಿಟ್ಟು ಬರುವವರೆಗೆ ಆ ಹೊಣೆ ಅವನ ಕೊರಳಿಗೆ. ವಯಸ್ಸು ಅರವತ್ತೈದು ದಾಟಿದ್ದರೂ ಐದು ವರ್ಷ ಅಲ್ಲಿ ನೆಲೆಸುವ ತನಕ ಮೆಡಿಕೇರ್ ಎಂಬ ಸರಕಾರಿ ಆರೋಗ್ಯ ವಿಮೆ ಇಲ್ಲ. ಅಲ್ಲಿಯವರೆಗೆ ಖಾಸಗಿ ವಿಮೆ. ತಿಂಗಳ ಕಂತು ಅವನ ಮನೆಯ ದಿನಸಿಗಿಂತ ಹೆಚ್ಚು.

ನನ್ನನ್ನು ನಿದ್ದೆಗೆಡಿಸಿದ್ದು ತೊಗರಿ. ಹೊಲದ ಆದಾಯಕ್ಕೆ ನಮ್ಮ ದೇಶದಲ್ಲಿ ಆದಾಯ ತೆರಿಗೆ ಇಲ್ಲ. ಗ್ರೀನ್ ಕಾರ್ಡ್ ಇರುವವರು ಮಾತ್ರ ಜಗತ್ತಿನ ಯಾವ ಮೂಲೆಯ ಆದಾಯವನ್ನೂ ಅಮೆರಿಕಕ್ಕೆ ತೋರಿಸಬೇಕು. ಅವ್ವನ ಹೆಸರಿನ ನಾಲ್ಕು ಎಕರೆಯ ತೊಗರಿ ಈಗ ದುಧನಿಯ ಮಾರ್ಕೆಟ್ಟಿನಲ್ಲಿ ತೂಗಿ ಅಮೆರಿಕದ ರಿಟರ್ನಿನಲ್ಲಿ ಬರೆಯಬೇಕಾದ ಮಾಲು. ಅವಳ ಬ್ಯಾಂಕ್ ಖಾತೆ, ಠೇವಣಿ ಎಲ್ಲ ಸೇರಿ ಯಾವತ್ತಾದರೂ 10,000 ಡಾಲರ್ ದಾಟಿದರೆ, ಅಂದರೆ ಇಂದಿನ ಲೆಕ್ಕಕ್ಕೆ ಸುಮಾರು ಒಂಬತ್ತು ಲಕ್ಷ, ವರ್ಷ ವರ್ಷ ಅದನ್ನೂ ತಿಳಿಸಬೇಕು. ತಪ್ಪಿದರೆ ದಂಡ ಡಾಲರಿನಲ್ಲಿ ಸಾವಿರಗಟ್ಟಲೆ. ಇಲ್ಲಿಯ ಉಳಿತಾಯ ಖಾತೆ ಅನಿವಾಸಿಗಳ ಎನ್‌ಆರ್‌ಒ ಖಾತೆ ಆಗಬೇಕು. ಹೊಲ ಇರಬಹುದು, ಅನಿವಾಸಿಯಾದ ಮೇಲೆ ಹೊಸ ಹೊಲ ಕೊಳ್ಳುವಂತಿಲ್ಲ.

ಅವ್ವ ಅಕ್ಟೋಬರಿನಲ್ಲಿ ಹೋದಳು, ಹೇಳಿದ ಮಾತಿನಂತೆ ಗಡ್ಡಾಕ್ಕೆ ಬಂದಳು. ಈಗ ಮುಂದಿನ ಟಿಕೆಟಿನ ತಾರೀಖನ್ನು ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ನಾನೇ ಗುರುತು ಮಾಡಿದ್ದೇನೆ.

ಕಳೆದ ವಾರ ತಮ್ಮ ಹೊಸ ಮಾತು ತೆಗೆದ. “ಅಣ್ಣಾ, ನಿಂದೂ ಒಂದ್ ಹಾಕಿಬಿಡ್ತೀನಿ. 625 ಡಾಲರ್ ಅಷ್ಟೆ, ಬಂದಾಗ ಬರ್ತದ.” ಅಣ್ಣತಮ್ಮಂದಿರ ಸರತಿಗೆ ಇಡೀ ಜಗತ್ತಿಗೆ ವರ್ಷಕ್ಕೆ 65,000 ವೀಸಾ. 2025ರ ಕೊನೆಗೆ ಭಾರತೀಯರಲ್ಲಿ 2006ರಲ್ಲಿ ಅರ್ಜಿ ಹಾಕಿದವರನ್ನು ಕರೆಯುತ್ತಿದ್ದರು. ಇದೇ ವೇಗ ಇದ್ದರೆ ನನ್ನ ಸರದಿ ಬಂದಾಗ ನನಗೆ ಎಪ್ಪತ್ತು ದಾಟಿರುತ್ತದೆ, ಮಗಳು ಇಪ್ಪತ್ತೊಂದರ ಗೆರೆ ದಾಟಿ ನನ್ನ ಅರ್ಜಿಯಿಂದ ಹೊರಗಿರುತ್ತಾಳೆ. ಆ ರೊಕ್ಕಕ್ಕೆ ಬೋರಿನ ಮೋಟಾರು ಬದಲಾಗುತ್ತದೆ ಎಂದು ನಾನು ನಕ್ಕೆ. ಆದರೆ ಮಗಳಿಗೆ ಈಗ ಹದಿನೇಳು, ಅಲ್ಲಿಗೆ ಓದಲು ಹೋಗುವ ಆಸೆ. ನನ್ನ ಹೆಸರಿನ ಅರ್ಜಿಯೊಂದು ಕಡತದಲ್ಲಿ ಕೂತಿದ್ದರೆ ಅವಳ ವಿದ್ಯಾರ್ಥಿ ವೀಸಾದ ದಿನ ಅದು ಅಡ್ಡ ಬಂದೀತೆ? ತಮ್ಮ ಇಲ್ಲ ಬಿಡು ಎಂದ. ಏಜಂಟರೂ ಹೀಗೇ ಹೇಳಿದ್ದರು.

ಗುರುವಾರ ರಾತ್ರಿ ಒಂಬತ್ತಕ್ಕೆ ವಕೀಲರ ಜೊತೆ ಮಾತು. ಸಾಲನ್ನು ಮುಂಚೆಯೇ ಬರೆದಿಟ್ಟಿದ್ದೇನೆ: ಒಂದು ತಾಸಿಗೆ, 200 ಡಾಲರ್, ₹18,000.