ಬಲ್ಬ್ ಮಿಣುಕಿದರೆ ಪಕ್ಕದ ಕೋಣೆಯನ್ನೂ ನೋಡಿ

ಬೆಂಗಳೂರು–ದೊಡ್ಡಬಳ್ಳಾಪುರ ರಸ್ತೆಯ ಬಾಶೆಟ್ಟಿಹಳ್ಳಿಯಲ್ಲಿ ಕಾರ್ಖಾನೆಗಳೂ ಕೆಲಸಗಾರರ ಬಾಡಿಗೆ ಮನೆಗಳೂ ಅಕ್ಕಪಕ್ಕದಲ್ಲೇ ಇವೆ. ಸಾಲುಮನೆಗಳಿಗೆಲ್ಲ ಒಂದೇ ಸಂಪ್ ಮೋಟಾರ್; ದೊಡ್ಡಬಳ್ಳಾಪುರದತ್ತ ಹೋದರೆ ಎಷ್ಟೋ ಮನೆಗಳೊಳಗೇ ವಿದ್ಯುತ್ ಮಗ್ಗ. ಇಂಥ ಕಡೆ ಎಲ್‌ಇಡಿ ಬಲ್ಬ್ ಮಿಣುಕತೊಡಗಿದರೆ ಸಾಮಾನ್ಯವಾಗಿ ಮೊದಲು ಆಗುವ ಕೆಲಸ, ಅಂಗಡಿಗೆ ಹೋಗಿ ಇನ್ನೊಂದು ತರುವುದು. ಅದೂ ಮಿಣುಕಿದಾಗ ಬೈಗುಳ ಕಂಪನಿಗೆ. ದೋಷ ಬಲ್ಬಿನಲ್ಲೇ ಇರಬೇಕೆಂದಿಲ್ಲ. ಹೋಲ್ಡರ್, ಸ್ವಿಚ್, ಮೀಟರ್ ಬೋರ್ಡ್, ಬೀದಿಯ ಕಂಬ, ಎಲ್ಲಿ ಬೇಕಾದರೂ ಇರಬಹುದು. ಮಿಣುಕು ಎಷ್ಟು ದೂರ ಹಬ್ಬಿದೆ ಎಂದು ನೋಡಿಕೊಂಡರೆ ಅರ್ಧ ಉತ್ತರ ಸಿಕ್ಕಂತೆ.

ಹಳೆಯ ತಂತಿ ಬಲ್ಬಿನಲ್ಲಿ ಕಾದ ತಂತಿ ತಣ್ಣಗಾಗಲು ಸಮಯ ಬೇಕಿತ್ತು. ಹಾಗಾಗಿ ವೋಲ್ಟೇಜಿನ ಸಣ್ಣ ಏರಿಳಿತ ಕಣ್ಣಿಗೆ ಬೀಳುತ್ತಿರಲಿಲ್ಲ. ಎಲ್‌ಇಡಿ ಹಾಗಲ್ಲ, ಕರೆಂಟ್ ತಗ್ಗಿದ ಕ್ಷಣವೇ ಬೆಳಕೂ ತಗ್ಗುತ್ತದೆ. ಅದನ್ನು ತಡೆಯಬೇಕಾದದ್ದು ಬಲ್ಬಿನ ಬುಡದಲ್ಲಿರುವ ಡ್ರೈವರ್ ಎಂಬ ಪುಟ್ಟ ಸರ್ಕ್ಯೂಟ್.

ಕೈ ಹಾಕುವ ಮುನ್ನ

ಸ್ವಿಚ್ ಆರಿಸಿದರೆ ಸಾಲದು, ಎಂಸಿಬಿ ಅಥವಾ ಮೇನ್ ಸ್ವಿಚ್ಚನ್ನೇ ಆರಿಸಿ. ವೈರಿಂಗ್ ತಿರುಗುಮುರುಗಾಗಿದ್ದರೆ ಸ್ವಿಚ್ ಆರಿಸಿದ ಮೇಲೂ ಹೋಲ್ಡರ್‌ನಲ್ಲಿ ಫೇಸ್ ಉಳಿದಿರುತ್ತದೆ. ಬಲ್ಬ್ ತಣ್ಣಗಾಗಲಿ, ಕೈ ಒಣಗಿರಲಿ, ಮರದ ಇಲ್ಲವೇ ಪ್ಲಾಸ್ಟಿಕ್ ಸ್ಟೂಲ್ ಮೇಲೆ ನಿಲ್ಲಿ.

1. ಒಂದೇ ಬಲ್ಬ್ ಮಿಣುಕುತ್ತಿದೆಯೇ?

ಅದನ್ನು ಬಿಚ್ಚಿ, ಸರಿಯಾಗಿ ಉರಿಯುತ್ತಿರುವ ಇನ್ನೊಂದು ಕೋಣೆಯ ಬಲ್ಬಿನ ಜೊತೆ ಅದಲುಬದಲು ಮಾಡಿ. ಮಿಣುಕು ಬಲ್ಬಿನ ಜೊತೆಗೇ ಹೋದರೆ ಡ್ರೈವರ್ ಸೋತಿದೆ ಎಂದರ್ಥ. ಅದರೊಳಗಿನ ಕೆಪಾಸಿಟರ್‌ಗೆ ಬಿಸಿಯೇ ಶತ್ರು: ಶಾಖ ಸುಮಾರು 10 ಡಿಗ್ರಿ ಏರಿದರೆ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ. ಮುಚ್ಚಿದ ಗಾಜಿನ ಗುಂಡಿನೊಳಗೆ ಬಲ್ಬ್ ಬೇಗ ಕೆಡುವುದಕ್ಕೆ ಇದೇ ಕಾರಣ.

ಮಿಣುಕು ಹೋಲ್ಡರ್‌ನಲ್ಲೇ ಉಳಿದರೆ ಅದರೊಳಗಿನ ಸ್ಪ್ರಿಂಗ್ ಪಿನ್‌ಗಳನ್ನು ನೋಡಿ. ಒತ್ತಿದರೆ ಪುಟಿಯಬೇಕು. ಕಪ್ಪಾಗಿದ್ದರೆ, ಒಳಗೇ ಕುಸಿದಿದ್ದರೆ ಹೋಲ್ಡರ್ ಬದಲಿಸುವುದೇ ಲೇಸು.

2. ಆರಿಸಿದ ಮೇಲೂ ಮಿನುಗುತ್ತಿದೆಯೇ?

ದೆವ್ವದ ಕಾಟವಲ್ಲ, ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳು. ಸ್ವಿಚ್ಚಿನಲ್ಲಿ ಕೆಂಪು ಇಂಡಿಕೇಟರ್ ದೀಪ ಇದ್ದರೆ ಅದರ ಮೂಲಕ ತೀರಾ ಅಲ್ಪ ಕರೆಂಟ್ ಹರಿದು ಬಲ್ಬಿನ ಕೆಪಾಸಿಟರ್ ತುಂಬಿಕೊಳ್ಳುತ್ತದೆ. ತುಂಬಿದಾಗ ಒಮ್ಮೆ ಮಿಂಚಿ ಖಾಲಿಯಾಗಿ, ಮತ್ತೆ ತುಂಬತೊಡಗುತ್ತದೆ. ಇಂಡಿಕೇಟರ್ ಇಲ್ಲದ ಸ್ವಿಚ್ ಹಾಕಿಸಿದರೆ ಮುಗಿಯಿತು. ಎರಡನೆಯದು, ಸ್ವಿಚ್ ಫೇಸ್ ಬದಲು ನ್ಯೂಟ್ರಲ್ ತಂತಿಯಲ್ಲಿರುವುದು. ಇದು ಅಪಾಯಕಾರಿ, ಎಲೆಕ್ಟ್ರಿಷಿಯನ್ ಕರೆಸಿ ಸರಿಪಡಿಸಲೇಬೇಕು. ಮೂರನೆಯದು ಮೆಟ್ಟಿಲಿನ ಎರಡು ಕಡೆಯ ಸ್ವಿಚ್. ಉದ್ದಕ್ಕೂ ಜೊತೆಯಾಗಿ ಸಾಗುವ ತಂತಿಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಸಣ್ಣ ಕರೆಂಟ್ ಹಾಯುತ್ತದೆ.

ಬೆಳಕು ತಗ್ಗಿಸುವ ಡಿಮ್ಮರ್ ಇದ್ದಲ್ಲಿ ಡಿಮ್ಮರ್‌ಗೆ ಒಗ್ಗುತ್ತದೆಂದು ಡಬ್ಬಿಯ ಮೇಲೆ ಬರೆದಿರುವ ಬಲ್ಬನ್ನೇ ಹಾಕಿ.

3. ಇಡೀ ಮನೆ ಒಮ್ಮೆಲೇ ಮಂಕಾಗುತ್ತಿದೆಯೇ?

ಆ ಹೊತ್ತಿಗೆ ಏನು ಚಾಲೂ ಆಯಿತು ಎಂದು ಕಿವಿಗೊಡಿ. ಮೋಟಾರ್ ಶುರುವಾಗುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಸಂಪ್ ಮೋಟಾರ್, ಬೋರ್‌ವೆಲ್, ಮಗ್ಗ ಹೊರಟ ಕ್ಷಣ ದೀಪ ಒಮ್ಮೆ ತಗ್ಗಿ ಸರಿಹೋದರೆ ಗಾಬರಿ ಬೇಡ. ಪ್ರತಿ ಸಲವೂ ಜೋರಾಗಿ ತಗ್ಗುತ್ತಿದ್ದರೆ ತಂತಿ ಸಣ್ಣದಾಗಿದೆ ಅಥವಾ ಜೋಡಣೆ ಸಡಿಲವಾಗಿದೆ. ಮೋಟಾರ್‌ಗೆ ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕ ಲೈನ್ ಎಳೆಸಿ. ಸಾಲುಮನೆಗಳಲ್ಲಿ ಒಂದು ಮೀಟರ್‌ನಿಂದ ಹಲವು ಸಬ್‌ಮೀಟರ್‌ಗೆ ಲೈನ್ ಕೊಟ್ಟಿದ್ದರೆ ಮನೆ ಮಾಲೀಕರೇ ಇದನ್ನು ಮಾಡಿಸಬೇಕು.

ಕರೆಂಟ್ ಹೋದಾಗ ಮಾತ್ರ ಮಿಣುಕಿದರೆ ಇನ್ವರ್ಟರ್ ಮೇಲೆ ಅನುಮಾನ ಪಡಿ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಕೆಲವು ಬಲ್ಬ್‌ಗಳು ಒಗ್ಗುವುದಿಲ್ಲ.

4. ಒಂದು ಕೋಣೆ ಪ್ರಖರ, ಇನ್ನೊಂದು ಮಂಕೇ?

ತಡಮಾಡದೆ ಮೇನ್ ಆರಿಸಿ. ಇದು ನ್ಯೂಟ್ರಲ್ ಸಡಿಲವಾದ ಲಕ್ಷಣ. ಮೂರು ಫೇಸ್ ಸಂಪರ್ಕದಲ್ಲಿ ನ್ಯೂಟ್ರಲ್ ಕಳಚಿದರೆ 230 ವೋಲ್ಟ್ ಇರಬೇಕಾದಲ್ಲಿ ಒಂದು ಕಡೆ ಬಹಳ ಏರಿ, ಇನ್ನೊಂದು ಕಡೆ ಬಹಳ ಇಳಿಯುತ್ತದೆ. ಟಿವಿ, ಫ್ರಿಜ್ ಸುಡುವುದು ಹೀಗೆಯೇ. ಪಕ್ಕದ ಮನೆಯವರಲ್ಲೂ ವಿಚಾರಿಸಿ. ಅವರಲ್ಲೂ ಹಾಗೇ ಇದ್ದರೆ, ಅಥವಾ ಕಂಬದ ಬಳಿ ಕಿಡಿ ಕಂಡರೆ, ಬೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ, ಬಿಲ್ಲಿನ ಮೇಲಿರುವ ಆರ್.ಆರ್. ಸಂಖ್ಯೆ ಹೇಳಿ. ಕಂಬ, ಸರ್ವಿಸ್ ತಂತಿ ಲೈನ್‌ಮನ್ ಕೆಲಸ, ನೀವು ಮುಟ್ಟಬೇಡಿ. ಮೀಟರ್ ದಾಟಿದ ಮೇಲಿನದ್ದಕ್ಕೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಸಾಕು. ಬೋರ್ಡಿನಲ್ಲಿ ಚಟಪಟ ಸದ್ದು, ಸುಟ್ಟ ವಾಸನೆ ಬಂದರೂ ಇದೇ ನಿಯಮ: ಮೊದಲು ಮೇನ್ ಆಫ್, ಆಮೇಲೆ ಫೋನ್.

5. ಕಣ್ಣಿಗೆ ಕಾಣದ ಮಿಣುಕು

ನಮ್ಮ ಕರೆಂಟ್ 50 ಹರ್ಟ್ಜ್‌ನದು. ಕಳಪೆ ಡ್ರೈವರ್ ಇದ್ದರೆ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕಣ್ಣಿಗೆ ಕಾಣದಿದ್ದರೂ ಕೆಲವರಿಗೆ ತಲೆನೋವು ತರುತ್ತದೆ. ಮೊಬೈಲ್ ಕ್ಯಾಮೆರಾವನ್ನು ಬಲ್ಬಿನ ಹತ್ತಿರ ಹಿಡಿದಾಗ ಪರದೆಯ ಮೇಲೆ ದಟ್ಟ ಕಪ್ಪು ಪಟ್ಟೆಗಳು ಓಡಿದರೆ ಆ ಬಲ್ಬ್ ಇಂಥದ್ದೆಂದು ತಿಳಿಯಿರಿ. ಮಗ್ಗದ ಕೋಣೆಯಲ್ಲಿ ಇದನ್ನು ಹಗುರವಾಗಿ ನೋಡುವಂತಿಲ್ಲ: ಇಂಥ ಬೆಳಕಿನಲ್ಲಿ ತಿರುಗುವ ಚಕ್ರ ನಿಂತಂತೆಯೋ ನಿಧಾನವಾದಂತೆಯೋ ಕಾಣುತ್ತದೆ, ಕೈ ಹಾಕಿದರೆ ಗಾಯ ಖಚಿತ.

ಬದಲಿಸುವುದೇ ಆದರೆ

ಡಬ್ಬಿಯ ಮೇಲೆ ಬಿಐಎಸ್ ಗುರುತು ಇದೆಯೇ ನೋಡಿ, ಅಂಗಡಿಯಲ್ಲೇ ಉರಿಸಿ ಮೊಬೈಲ್ ಪರೀಕ್ಷೆ ಮಾಡಿ. ಬಿಲ್ ಕೇಳಿ ಪಡೆದು, ವಾರಂಟಿ ಮುಗಿಯುವವರೆಗೆ ಇಟ್ಟುಕೊಳ್ಳಿ. ವಾರಂಟಿಯೊಳಗೆ ಕೆಟ್ಟ ಬಲ್ಬಿಗೆ ಮತ್ತೆ ಹಣ ಕೊಡಬೇಕಿಲ್ಲ.